ಯಾಕೆ ಕೂಗಲಿಲ್ಲ ಎಂದು ಕೇಳುವ ಮೊದಲು

ಜೀವಕ್ಕೆ ಬಂದ ಗಂಡಾಂತರವನ್ನು ದಾಟಿ ಬಂದವರನ್ನು ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ಒಂದೇ. ನೀರು ಅಂಗಳಕ್ಕೆ ಬಂದಾಗಲೇ ಯಾಕೆ ಹೊರಡಲಿಲ್ಲ? ಅವನು ಕೈ ಹಿಡಿದಾಗ ಯಾಕೆ ಕೂಗಲಿಲ್ಲ? ಎದುರಿಗೇ ನಿಂತಿದ್ದ ಕಳ್ಳನ ಮುಖ ಯಾಕೆ ನೆನಪಿಲ್ಲ? ಕೇಳುವವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಎಂಥ ಭಯದ ನಡುವೆಯೂ ಮನುಷ್ಯ ಯೋಚಿಸಿ, ತೂಗಿ ನೋಡಿ ನಡೆದುಕೊಳ್ಳುತ್ತಾನೆ ಎಂದು ನಾವೆಲ್ಲ ಒಳಗೊಳಗೇ ನಂಬಿರುತ್ತೇವೆ. ಆ ನಂಬಿಕೆ ತಪ್ಪು. ಅದರಿಂದ ನೊಂದವರು ಇನ್ನಷ್ಟು ನೋಯುತ್ತಾರೆ. ಆದ್ದರಿಂದಲೇ ಭಯದ ಹೊತ್ತಿನಲ್ಲಿ ದೇಹದೊಳಗೆ, ಮೆದುಳಿನೊಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸಿದೆ.

ನಮ್ಮ ಭಾಗಕ್ಕೆ ಇದು ದೂರದ ವಿಷಯವಲ್ಲ. 2019 ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಒಟ್ಟಿಗೆ ಉಕ್ಕಿದಾಗ ಚಿಕ್ಕೋಡಿಯಿಂದ ಜಮಖಂಡಿಯವರೆಗೆ, ಗೋಕಾಕದಿಂದ ಮುಧೋಳದವರೆಗೆ, ರಾಮದುರ್ಗದಿಂದ ಬಾದಾಮಿಯವರೆಗೆ ಸಾವಿರಾರು ಜನ ರಾತ್ರೋರಾತ್ರಿ ಮನೆ ಬಿಟ್ಟರು. ವಿಜಯಪುರ ಜಿಲ್ಲೆಯಲ್ಲಿ 2021 ರ ನಂತರ ಸಣ್ಣ ಭೂಕಂಪನಗಳು ಮತ್ತೆ ಮತ್ತೆ ಆಗಿವೆ. ತೆರೆದ ಕೊಳವೆ ಬಾವಿಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಮಕ್ಕಳನ್ನು ನುಂಗಿವೆ.

ಪ್ರವಾಹದ ಆ ವಾರ ಮುಧೋಳದ ಕಡೆ ಶಾಲೆಯೊಂದರಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ನಾನು ಹೋಗಿದ್ದೆ. ನಮ್ಮ ದೂರದ ನೆಂಟರೊಬ್ಬರು ಅಲ್ಲಿದ್ದರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಘಟಪ್ರಭೆಯ ನೀರು ಊರು ಹೊಕ್ಕಾಗ ಅವರು ದನದ ಹಗ್ಗ ಬಿಚ್ಚಲು ಹಿಂದೆ ಉಳಿದು, ಕೊನೆಗೆ ಪಕ್ಕದ ಮನೆಯ ಮಾಳಿಗೆ ಹತ್ತಿ ರಾತ್ರಿಯೆಲ್ಲ ಅಲ್ಲೇ ಕುಳಿತಿದ್ದರು. ಮರುದಿನ ದೋಣಿ ಬಂದು ಕರೆತಂದಿತು. ದೋಣಿಯಿಂದ ಇಳಿದವರು ತಮ್ಮ ಕಾಲ ಮೇಲೆ ನಡೆದುಕೊಂಡೇ ಬಂದರಂತೆ, ಒಂದಿಬ್ಬರನ್ನು ಮಾತನಾಡಿಸಿದರಂತೆ. ನಾನು ಹೋದಾಗ ಅವರ ತಂಗಿ ಚಹಾ ತಂದು ಕೈಗೆ ಕೊಟ್ಟಳು. ಕಪ್ಪು ಹಿಡಿದದ್ದೇ ತಡ, ಅವರ ಕೈ ನಡುಗತೊಡಗಿತು. ಚಹಾ ಪಂಚೆಯ ಮೇಲೆಲ್ಲ ಚೆಲ್ಲಿತು. ಆಮೇಲೆ ಮೊಣಕಾಲು, ಗದ್ದ, ಇಡೀ ಮೈ.

"ಕಾಕಾ, ಚಳಿಯಾಗುತ್ತಿದೆಯೇ?" ಎಂದೆ.

"ಚಳಿಯಲ್ಲಪ್ಪ. ಏನೆಂದು ನನಗೂ ತಿಳಿಯುತ್ತಿಲ್ಲ" ಎಂದು ಮುಖ ಆಚೆ ತಿರುಗಿಸಿದರು.

ಕತ್ತಲಲ್ಲಿ ಒಂದೊಂದೇ ಮನೆಯ ಮಣ್ಣಿನ ಗೋಡೆ ನೀರಿಗೆ ಕುಸಿದ ಸದ್ದು ಅವರಿಗೆ ನೆನಪಿತ್ತು. ಎಮ್ಮೆಯ ಕೊರಳಿನ ಹಗ್ಗದ ಗಂಟು ನೆಂದು ಬಿಗಿಯಾಗಿದ್ದು, ಅದನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ್ದು ನೆನಪಿತ್ತು. ಮಾಳಿಗೆ ಹತ್ತಿದ್ದು ಹೇಗೆ ಎಂಬುದು ಮಾತ್ರ ನೆನಪಿರಲಿಲ್ಲ. ಸುತ್ತ ನೆರೆದವರಲ್ಲಿ ಒಬ್ಬರು, ಅಷ್ಟು ಹೊತ್ತು ಯಾಕೆ ಕಾಯುತ್ತಾ ಕುಳಿತೆ ಎಂದು ಗದರುವ ದನಿಯಲ್ಲಿ ಕೇಳಿದರು. ಕಾಕಾ ಉತ್ತರ ಕೊಡಲಿಲ್ಲ. ಆ ದಿನ ನನ್ನ ಬಳಿಯೂ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೆದುಳಿನ ಒಳಗೆ, ಎರಡೂ ಕಿವಿಗಳ ನೇರಕ್ಕೆ, ಬಾದಾಮಿ ಬೀಜದ ಆಕಾರದ ಅಮಿಗ್ಡಲಾ ಎಂಬ ಎರಡು ಪುಟ್ಟ ಭಾಗಗಳಿವೆ. ಕಣ್ಣು, ಕಿವಿಗಳಿಂದ ಬರುವ ಸುದ್ದಿಯಲ್ಲಿ ಅಪಾಯದ ಸುಳಿವಿದೆಯೇ ಎಂದು ಸದಾ ಸೋಸುವುದು ಅವುಗಳ ಕೆಲಸ. ನರವಿಜ್ಞಾನಿ ಜೋಸೆಫ್ ಲೆಡೂ ಪ್ರಾಣಿಗಳ ಮೇಲೆ ನಡೆಸಿದ ಸಂಶೋಧನೆಯಲ್ಲಿ, ಈ ಸುದ್ದಿ ಎರಡು ದಾರಿಗಳಲ್ಲಿ ಸಾಗುತ್ತದೆ ಎಂದು ತೋರಿಸಿದರು. ಒಂದು ಹತ್ತಿರದ ಒರಟು ದಾರಿ. ಇನ್ನೊಂದು ಮೆದುಳಿನ ಹೊರಪದರವನ್ನು ಸುತ್ತಿ ಬರುವ, ವಿವರ ತಿಳಿಯುವ, ನಿಧಾನದ ದಾರಿ. ಕಬ್ಬಿನ ಗದ್ದೆಯ ಬದುವಿನಲ್ಲಿ ಬಿದ್ದದ್ದು ಹಾವೋ ಪೈಪಿನ ತುಂಡೋ ಎಂದು ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಹಾರಿರುತ್ತದೆ. ಪೈಪು ಎಂದು ಗೊತ್ತಾಗುವುದು ಆಮೇಲೆ.

ಅಪಾಯ ಎಂದು ಅಮಿಗ್ಡಲಾ ಸಾರಿದ ಕೂಡಲೇ ನರಗಳ ಮೂಲಕ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಗೆ ಸಂದೇಶ ಹೋಗುತ್ತದೆ. ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಚರ್ಮ ಮತ್ತು ಹೊಟ್ಟೆಯ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ತೊಡೆ, ತೋಳುಗಳ ಸ್ನಾಯುಗಳಿಗೆ ಹೆಚ್ಚು ಹರಿಯುತ್ತದೆ. ಕೈಕಾಲು ತಣ್ಣಗಾಗುವುದು, ಮುಖ ಬಿಳಿಚಿಕೊಳ್ಳುವುದು, ಬಾಯಿಯ ಪಸೆ ಆರುವುದು, ಹೊಟ್ಟೆಯಲ್ಲಿ ಸಂಕಟವಾಗುವುದು ಎಲ್ಲವೂ ಇದರಿಂದಲೇ. ಕೆಲವು ನಿಮಿಷಗಳ ನಂತರ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬಂದು ಈ ಸ್ಥಿತಿಯನ್ನು ಹಿಡಿದಿಡುತ್ತದೆ. ಅಮೆರಿಕದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ ಇದನ್ನು 1915 ರಲ್ಲಿಯೇ ವಿವರಿಸಿ, ಹೋರಾಡಲು ಇಲ್ಲವೇ ಓಡಲು ದೇಹ ಸಜ್ಜಾಗುವ ಬಗೆ ಎಂದರು. ಕಾಕಾ ಅವರ ನಡುಕವೂ ಇದೇ ಸರಣಿಗೆ ಸೇರಿದ್ದು. ಅಪಾಯ ಕಳೆದು, ಬಿಗಿದಿದ್ದ ಸ್ನಾಯುಗಳು ಸಡಿಲಗೊಳ್ಳುವ ಹೊತ್ತಿಗೆ ಮೈಯಲ್ಲಿ ಆ ಉದ್ವೇಗದ ಪರಿಣಾಮ ಇನ್ನೂ ಉಳಿದಿರುತ್ತದೆ. ಮಾಳಿಗೆಯ ಮೇಲೆ ನಡುಗದವರು ತಂಗಿಯ ಎದುರು ನಡುಗಿದ್ದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ.

ಹೋರಾಟ ಮತ್ತು ಓಟ ಎಂಬ ಆ ಜೋಡಿ ಬಹಳ ಪ್ರಸಿದ್ಧವಾಯಿತು. ಅದರಿಂದ ಒಂದು ಅನ್ಯಾಯವೂ ಆಯಿತು. ಮೂರನೆಯದೊಂದು ಇದೆ ಎಂಬುದೇ ಜನರ ತಿಳಿವಳಿಕೆಯಲ್ಲಿ ಬೇರೂರಲಿಲ್ಲ. ಆ ಮೂರನೆಯದು ಮರಗಟ್ಟಿ ನಿಲ್ಲುವುದು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎಂದು ಮೆದುಳಿಗೆ ಅನಿಸಿದಾಗ ದೇಹ ಕದಲದೆ ನಿಂತುಬಿಡುತ್ತದೆ. ಕಣ್ಣು ನೋಡುತ್ತಿರುತ್ತದೆ, ಕಿವಿ ಕೇಳುತ್ತಿರುತ್ತದೆ, ನಾಲಿಗೆ ಮಾತ್ರ ಹೊರಳುವುದಿಲ್ಲ. ಕೋಳಿಯಿಂದ ಮೊಲದವರೆಗೆ ಅನೇಕ ಪ್ರಾಣಿಗಳಲ್ಲಿ ಇದು ಕಂಡುಬರುತ್ತದೆ. ಮನುಷ್ಯರೂ ಇದಕ್ಕೆ ಹೊರತಲ್ಲ. ಇದು ಇಚ್ಛೆಯಿಂದ ಆಗುವುದಲ್ಲ, ಇಚ್ಛೆಯಿಂದ ನಿಲ್ಲುವುದೂ ಅಲ್ಲ. 2017 ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ಅತ್ಯಾಚಾರದ ನಂತರ ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರ ಅನುಭವವನ್ನು ದಾಖಲಿಸಿತು. ಅವರಲ್ಲಿ ನೂರಕ್ಕೆ 70 ಮಂದಿ ಆ ಹೊತ್ತಿನಲ್ಲಿ ಗಣನೀಯವಾಗಿ ಮರಗಟ್ಟಿದ್ದರು. ಹಾಗೆ ಮರಗಟ್ಟಿದವರಲ್ಲಿ ಮುಂದೆ ಆಘಾತದ ಕಾಯಿಲೆ ಮತ್ತು ಖಿನ್ನತೆ ಹೆಚ್ಚಾಗಿ ಕಂಡುಬಂತು.

ಈ ಒಂದು ಸಂಗತಿಯನ್ನು ಪ್ರತಿ ಮನೆಯವರೂ, ಪ್ರತಿ ಪೊಲೀಸ್ ಠಾಣೆಯವರೂ, ಊರಿನ ಪಂಚರೂ ತಿಳಿದಿರಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೂಗಲಿಲ್ಲ ಎಂದರೆ ಒಪ್ಪಿಗೆಯಿತ್ತು ಎಂದಲ್ಲ. ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 2013 ರ ತಿದ್ದುಪಡಿಯ ನಂತರ ಭಾರತೀಯ ದಂಡ ಸಂಹಿತೆಯ 375 ನೇ ಕಲಮಿನಲ್ಲಿ, ಮಹಿಳೆ ದೈಹಿಕವಾಗಿ ಪ್ರತಿರೋಧ ತೋರಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆ ಸಮ್ಮತಿಸಿದ್ದಳು ಎಂದು ಭಾವಿಸಕೂಡದು ಎಂಬ ಮಾತು ಸೇರಿತು. 2024 ರ ಜುಲೈ 1 ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63 ನೇ ಕಲಮಿನಲ್ಲಿಯೂ ಅದು ಹಾಗೆಯೇ ಇದೆ. ಕಾನೂನು ಒಪ್ಪಿಕೊಂಡದ್ದನ್ನು ನಮ್ಮ ಕಟ್ಟೆಯ ಮಾತುಗಳು ಇನ್ನೂ ಒಪ್ಪಿಕೊಂಡಿಲ್ಲ.

ಅಪಘಾತ, ಬೆಂಕಿ, ನೆರೆಗಳಲ್ಲಿಯೂ ಹೀಗೆಯೇ. ದುರಂತಗಳಲ್ಲಿ ಬದುಕುಳಿದವರನ್ನು ಅಭ್ಯಾಸ ಮಾಡಿದ ಬ್ರಿಟಿಷ್ ಮನೋವಿಜ್ಞಾನಿ ಜಾನ್ ಲೀಚ್ ಅವರ ಅಂದಾಜಿನಂತೆ, ಹಠಾತ್ ಅಪಾಯದಲ್ಲಿ ನೂರಕ್ಕೆ ಸುಮಾರು 75 ಮಂದಿ ದಿಗ್ಭ್ರಮೆಗೊಂಡು ನಿಲ್ಲುತ್ತಾರೆ. ಸಮಾಧಾನದಿಂದ ಯೋಚಿಸಿ ನಡೆಯುವವರು ಹತ್ತು ಹದಿನೈದು ಮಂದಿ ಮಾತ್ರ. ಯೋಜನೆ ಮಾಡುವ, ಆಯ್ಕೆ ತೂಗುವ ಕೆಲಸ ನಡೆಯುವುದು ಹಣೆಯ ಹಿಂದಿರುವ ಮೆದುಳಿನ ಭಾಗದಲ್ಲಿ. ಒತ್ತಡದ ರಾಸಾಯನಿಕಗಳು ಮಿತಿಮೀರಿದಾಗ ಮೊದಲು ಮಂಕಾಗುವುದೂ ಅದೇ ಭಾಗ. ಆಗ ಉಳಿಯುವುದು ರೂಢಿ ಮಾತ್ರ. ಅಗ್ನಿಶಾಮಕ ದಳದವರು ಒಂದೇ ಕೆಲಸವನ್ನು ನೂರು ಸಲ ಅಭ್ಯಾಸ ಮಾಡುವುದು ಇದಕ್ಕಾಗಿಯೇ. ಯೋಚಿಸಲು ಆಗದಿದ್ದಾಗಲೂ ಕೈ ತನ್ನ ಕೆಲಸ ಮಾಡಬೇಕು. ನದಿ ದಂಡೆಯ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮೊದಲು ಒಂದು ಸಲ, ಯಾವ ದಾರಿಯಲ್ಲಿ ಹೊರಡಬೇಕು, ಮುದುಕರನ್ನು ಯಾರು ಎತ್ತಿಕೊಳ್ಳಬೇಕು, ದನಗಳನ್ನು ಯಾವಾಗ ಬಿಚ್ಚಬೇಕು ಎಂದು ನಡೆದು ತೋರಿಸುವ ಅಣಕು ಕಾರ್ಯಾಚರಣೆ ನಡೆದರೆ, ನೀರು ಬಂದ ರಾತ್ರಿ ಅದು ಬಹಳ ಕೆಲಸಕ್ಕೆ ಬರುತ್ತದೆ.

ಎಲ್ಲ ಭಯವೂ ಅಮಿಗ್ಡಲಾದಿಂದಲೇ ಹುಟ್ಟುತ್ತದೆಯೇ? ಇಲ್ಲ. ಅಮೆರಿಕದಲ್ಲಿ ಎಸ್.ಎಂ. ಎಂಬ ಸಂಕೇತಾಕ್ಷರದಿಂದ ಮಾತ್ರ ಗುರುತಿಸಲಾಗುವ ಮಹಿಳೆಯೊಬ್ಬರಿದ್ದಾರೆ. ಅಪರೂಪದ ಆನುವಂಶಿಕ ಕಾಯಿಲೆಯಿಂದ ಅವರ ಎರಡೂ ಅಮಿಗ್ಡಲಾಗಳು ನಾಶವಾಗಿವೆ. ಹಾವುಗಳಿಗೆ ಅವರು ಹೆದರುವುದಿಲ್ಲ. ಹಿಂದೊಮ್ಮೆ ಒಬ್ಬ ಕುತ್ತಿಗೆಗೆ ಚಾಕು ಹಿಡಿದಾಗಲೂ ಭಯವಾಗಲಿಲ್ಲ ಎಂದು ಅವರೇ ಹೇಳಿದ್ದಾರೆ. ಆದರೆ 2013 ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನೂರಕ್ಕೆ 35 ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಮ್ಮೆ ಉಸಿರಾಡಿದ್ದೇ ತಡ, ಅವರು ತೀವ್ರವಾಗಿ ಗಾಬರಿಗೊಂಡರು. ಅದೇ ಬಗೆಯ ಮೆದುಳಿನ ಹಾನಿಯಿದ್ದ ಇನ್ನಿಬ್ಬರಿಗೂ ಹಾಗೆಯೇ ಆಯಿತು. ಹೊರಗಿನ ಅಪಾಯವನ್ನು ಕಂಡು ಹುಟ್ಟುವ ಭಯ ಬೇರೆ, ದೇಹದೊಳಗಿನಿಂದ ಏಳುವ ಉಸಿರುಗಟ್ಟುವ ಭಯ ಬೇರೆ. ಎರಡನೆಯದು ಎಷ್ಟು ಹಳೆಯದು, ಎಷ್ಟು ಆಳದ್ದು ಎಂದರೆ ಅಮಿಗ್ಡಲಾ ಇಲ್ಲದವರಲ್ಲಿಯೂ ಅದು ಇರುತ್ತದೆ. ನೀರಿನಲ್ಲಿ ಮುಳುಗಿ ಬದುಕಿದವರು, ಮಣ್ಣಿನಡಿ ಸಿಲುಕಿದವರು ತಮ್ಮ ಅನುಭವವನ್ನು ಬೇರೆ ಯಾವುದಕ್ಕೂ ಹೋಲಿಸಲು ಆಗದೆ ಸುಮ್ಮನಾಗುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ 2024 ರ ಏಪ್ರಿಲ್ 3 ರ ಸಂಜೆ ಎರಡು ವರ್ಷವೂ ತುಂಬಿರದ ಗಂಡುಮಗುವೊಂದು ಕೊಳವೆ ಬಾವಿಗೆ ತಲೆಕೆಳಗಾಗಿ ಬಿದ್ದು, ಸುಮಾರು 16 ಅಡಿ ಆಳದಲ್ಲಿ ಸಿಲುಕಿತು. ಪಕ್ಕದಲ್ಲಿ ಗುಂಡಿ ತೋಡಿ, ಅಲ್ಲಿಂದ ಅಡ್ಡಲಾಗಿ ಕೊರೆದು, ಸುಮಾರು 20 ಗಂಟೆಗಳ ನಂತರ ರಕ್ಷಣಾ ಸಿಬ್ಬಂದಿ ಮಗುವನ್ನು ಜೀವಂತ ಹೊರತೆಗೆದರು. ಒಳಗಿಳಿಸಿದ ಕ್ಯಾಮೆರಾದಲ್ಲಿ ಪುಟ್ಟ ಕಾಲುಗಳು ಅಲುಗಾಡಿದ್ದನ್ನು ನಾಡೆಲ್ಲ ನೋಡಿತು. ಎಲ್ಲ ಮಕ್ಕಳಿಗೂ ಹಾಗಾಗಲಿಲ್ಲ. 2014 ರಲ್ಲಿ ವಿಜಯಪುರ ತಾಲ್ಲೂಕಿನ ನಾಗಠಾಣದಲ್ಲಿ, ಅದೇ ವರ್ಷ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ, 2017 ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾವಿಗೆ ಬಿದ್ದ ಮಕ್ಕಳು ಉಳಿಯಲಿಲ್ಲ. ಕೊಳವೆ ಬಾವಿಯ ಬಾಯಿ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010 ರಲ್ಲಿಯೇ ಸ್ಪಷ್ಟ ಸೂಚನೆ ಕೊಟ್ಟಿತ್ತು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

ಲಚ್ಯಾಣದ ಮಗುವಿನ ವಯಸ್ಸಿನಲ್ಲಿ ನಡೆದ ಘಟನೆಗಳು ದೊಡ್ಡವರಾದ ಮೇಲೆ ಕಥೆಯಾಗಿ ನೆನಪಿರುವುದಿಲ್ಲ. ಎರಡು ಮೂರು ವರ್ಷಕ್ಕೆ ಮುಂಚಿನ ನೆನಪು ಬಹುತೇಕ ಯಾರಲ್ಲೂ ಉಳಿಯುವುದಿಲ್ಲ. ಆದರೆ ಬಾವಿಯ ಮೇಲೆ ನಿಂತು ಆ ಇಪ್ಪತ್ತು ಗಂಟೆ ಕಾದವರಿಗೆ ಅದು ಹೋಗುವಂಥದ್ದಲ್ಲ. ತನ್ನವರ ಜೀವಕ್ಕೆ ಅಪಾಯ ಬಂದದ್ದನ್ನು ಕಣ್ಣಾರೆ ಕಂಡವರೂ ಆಘಾತಕ್ಕೆ ಒಳಗಾದವರೇ ಎಂದು ವೈದ್ಯಶಾಸ್ತ್ರ ಒಪ್ಪುತ್ತದೆ. ನಾವು ಮಾತ್ರ ತಾಯಂದಿರನ್ನು, ಮಗು ಬದುಕಿತಲ್ಲ, ಇನ್ನೇಕೆ ಅಳು ಎಂದು ಸುಮ್ಮನಾಗಿಸುತ್ತೇವೆ.

ಈಗ ನೆನಪಿನ ವಿಷಯ. ಬದುಕುಳಿದವರ ಮಾತನ್ನು ಜನ ಹೆಚ್ಚು ಅನುಮಾನಿಸುವುದು ಇಲ್ಲಿಯೇ.

ಬೈಕು ಲಾರಿಯ ಕೆಳಗೆ ಜಾರಿದ ಆ ಕ್ಷಣ ಎಷ್ಟೋ ಹೊತ್ತು ನಡೆದಂತಿತ್ತು ಎಂದು ಅಪಘಾತದಲ್ಲಿ ಉಳಿದವರು ಹೇಳುತ್ತಾರೆ. ಕಾಲ ನಿಜವಾಗಿ ನಿಧಾನವಾಗಿ ಕಾಣುತ್ತದೆಯೇ ಎಂದು ತಿಳಿಯಲು ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಸ್ವಯಂಸೇವಕರನ್ನು 31 ಮೀಟರ್ ಎತ್ತರದಿಂದ ಬೆನ್ನ ಮೇಲಾಗಿ ಬಲೆಗೆ ಬೀಳಿಸಿದರು. ಅದರ ಫಲಿತಾಂಶ 2007 ರಲ್ಲಿ ಪ್ರಕಟವಾಯಿತು. ಬಿದ್ದವರಿಗೆ, ಬೇರೆಯವರು ಬಿದ್ದದ್ದಕ್ಕಿಂತ ತಮ್ಮ ಬೀಳುವಿಕೆ ಸುಮಾರು ನೂರಕ್ಕೆ 36 ರಷ್ಟು ಹೆಚ್ಚು ಹೊತ್ತು ನಡೆಯಿತು ಎನಿಸಿತ್ತು. ಆದರೆ ಅವರ ಮಣಿಕಟ್ಟಿಗೆ ಕಟ್ಟಿದ್ದ ಪರದೆಯ ಮೇಲೆ ಅತಿ ವೇಗವಾಗಿ ಮಿನುಗುತ್ತಿದ್ದ ಅಂಕಿಗಳನ್ನು ಅವರು ಓದಲಾಗಲಿಲ್ಲ. ಕಾಲ ನಿಧಾನವಾಗಿ ಕಂಡಿದ್ದರೆ ಓದಬೇಕಿತ್ತು. ಭಯದಲ್ಲಿ ಮೆದುಳು ಹೆಚ್ಚು ಹೆಚ್ಚು ವಿವರಗಳನ್ನು ಬರೆದಿಟ್ಟುಕೊಳ್ಳುತ್ತದೆ, ಆಮೇಲೆ ತಿರುಗಿ ನೋಡಿದಾಗ ಆ ದಟ್ಟಣೆಯೇ ದೀರ್ಘ ಕಾಲದಂತೆ ತೋರುತ್ತದೆ ಎಂಬುದು ಸಂಶೋಧಕರ ವಿವರಣೆ.

ಹಾಗಾದರೆ ಎಲ್ಲವೂ ಅಚ್ಚೊತ್ತಬೇಕಿತ್ತಲ್ಲ? ಗಮನ ಹೋದದ್ದು ಮಾತ್ರ ಅಚ್ಚೊತ್ತುತ್ತದೆ. ಚಾಕು ಹಿಡಿದವನ ಎದುರು ನಿಂತವರ ಕಣ್ಣು ಚಾಕುವಿನ ಮೇಲೆ ನೆಡುತ್ತದೆ, ಮುಖದ ಮೇಲಲ್ಲ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು ಇದನ್ನು 1987 ರಲ್ಲಿ ಕಣ್ಣಿನ ಚಲನೆ ಅಳೆದು ತೋರಿಸಿದರು. ಘಟನೆಯ ನಡುವಿನ ವಿವರ ಗಟ್ಟಿಯಾಗುತ್ತದೆ. ಸುತ್ತಲಿನದು, ಮೊದಲು ಯಾವುದು ಆಮೇಲೆ ಯಾವುದು ಎಂಬ ಕ್ರಮ, ಸಡಿಲವಾಗುತ್ತದೆ. ಕಾಕಾ ಅವರಿಗೆ ಹಗ್ಗದ ಗಂಟು ನೆನಪಿದ್ದು, ಮಾಳಿಗೆಯ ಮೆಟ್ಟಿಲು ಮರೆತದ್ದು ಹೀಗೆ. ತುಂಡು ತುಂಡಾಗಿ ಹೇಳುವ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಎಂದು ತೀರ್ಮಾನಿಸುವುದು ಅವಸರ. ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1986 ರ ಜನವರಿ 28 ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಅಮೆರಿಕದ ಮನೋವಿಜ್ಞಾನಿ ಅಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ತಿಳಿದದ್ದು ಎಲ್ಲಿ, ಹೇಗೆ ಎಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷಗಳ ನಂತರ ಮತ್ತೆ ಕೇಳಿದಾಗ ಅನೇಕರ ಕಥೆ ಬದಲಾಗಿತ್ತು, ಆತ್ಮವಿಶ್ವಾಸ ಮಾತ್ರ ಕುಗ್ಗಿರಲಿಲ್ಲ. ನೆನಪು ಎಷ್ಟು ಸ್ಪಷ್ಟವಾಗಿದೆ ಎನಿಸಿದರೂ ಅದು ತಪ್ಪಿರಬಹುದು, ತಪ್ಪಿದವರು ಸುಳ್ಳುಗಾರರಲ್ಲ.

ಭಯ ಮುಗಿದ ಮೇಲೂ ದೇಹ ಕೆಲಕಾಲ ಕಾವಲು ಕಾಯುತ್ತದೆ. ವಿಜಯಪುರದ ಕಡೆ ನೆಲ ಸ್ವಲ್ಪ ಕಂಪಿಸಿದರೂ ಹಿರಿಯರು ಹಾಸಿಗೆ ಹೊರಗೆ ತಂದು ಮಲಗುತ್ತಾರೆ. 1993 ರ ಸೆಪ್ಟೆಂಬರ್ 30 ರ ನಸುಕಿನಲ್ಲಿ ಗಡಿಯಾಚೆಯ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತಾಗ ಈ ಕಡೆಯೂ ನೆಲ ನಡುಗಿತ್ತು. ಆ ನಸುಕನ್ನು ಬಲ್ಲವರಿಗೆ ಪಾತ್ರೆ ಕಿಣಿಕಿಣಿ ಎಂದರೂ ಸಾಕು. ಪ್ರವಾಹ ಕಂಡವರಿಗೆ ಜಲಾಶಯದಿಂದ ನೀರು ಬಿಡುವ ಸುದ್ದಿ, ಜೋರು ಮಳೆಯ ಸದ್ದು, ಕೊಳೆತ ಮೇವಿನ ವಾಸನೆ ಸಾಕು. ನಿದ್ದೆ ಹತ್ತುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ, ಅದೇ ಕನಸು ಬರುತ್ತದೆ, ಕಾರಣವಿಲ್ಲದೆ ಸಿಡುಕುತ್ತಾರೆ. ಮೊದಲ ಕೆಲವು ವಾರ ಇವೆಲ್ಲ ಸಹಜ, ಹೆಚ್ಚಿನವರಲ್ಲಿ ತಾವಾಗಿಯೇ ತಗ್ಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ನೂರಕ್ಕೆ ಸುಮಾರು 70 ಮಂದಿ ಜೀವನದಲ್ಲಿ ಒಮ್ಮೆಯಾದರೂ ಇಂಥ ಆಘಾತಕಾರಿ ಘಟನೆಯನ್ನು ಎದುರಿಸುತ್ತಾರೆ. ಅವರಲ್ಲಿ ನೂರಕ್ಕೆ 5.6 ಮಂದಿಗೆ ಮಾತ್ರ ಅದು ಆಘಾತೋತ್ತರ ಒತ್ತಡದ ಕಾಯಿಲೆಯಾಗಿ ಉಳಿಯುತ್ತದೆ. ಘಟನೆ ಮತ್ತೆ ನಡೆಯುತ್ತಿರುವಂತೆ ಕಣ್ಣಿಗೆ ಕಟ್ಟುವುದು, ಆ ಜಾಗವನ್ನೇ ತಪ್ಪಿಸಿ ಸುತ್ತುಬಳಸಿ ಹೋಗುವುದು, ಮನೆಯವರಿಂದ ದೂರವಾಗುವುದು ಒಂದು ತಿಂಗಳು ಕಳೆದರೂ ಬಿಡದಿದ್ದರೆ ಅದನ್ನು ಕಾಯಿಲೆಯೆಂದೇ ತಿಳಿಯಬೇಕು. ಕುಡಿತದಿಂದ ಮರೆಯಲು ಹೊರಟವರಲ್ಲಿ ಅದು ಇನ್ನಷ್ಟು ಬೇರು ಬಿಡುತ್ತದೆ.

ಮೊದಲ ದಿನಗಳಲ್ಲಿ ನಾವು ಏನು ಮಾಡಬೇಕು? ನಡೆದದ್ದೆಲ್ಲ ಒಮ್ಮೆ ಹೇಳಿಬಿಡು, ಮನಸ್ಸು ಹಗುರವಾಗುತ್ತದೆ ಎಂದು ಒತ್ತಾಯಿಸುವುದು ಬಹಳ ಕಾಲ ಒಳ್ಳೆಯದೆಂದೇ ನಂಬಲಾಗಿತ್ತು. ಘಟನೆಯ ಬೆನ್ನಲ್ಲೇ ಕೂರಿಸಿ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ಹೇಳಿಸುವ ಪದ್ಧತಿಯನ್ನು ಪರೀಕ್ಷಿಸಿದಾಗ ಅದು ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ತೊಂದರೆಯನ್ನೇ ಹೆಚ್ಚಿಸಬಹುದು ಎಂದು ಕಂಡುಬಂತು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಬಹಳ ಸರಳ: ಏನು ಬೇಕಾಗಿದೆ ಎಂದು ನೋಡಿ, ಹೇಳಿದರೆ ಕೇಳಿ, ತಮ್ಮವರೊಂದಿಗೆ ಮತ್ತು ನೆರವಿನೊಂದಿಗೆ ಜೋಡಿಸಿ. ಒಣ ಬಟ್ಟೆ, ಹೊದೆಯಲು ಒಂದು ಕೌದಿ, ಬಿಸಿ ಊಟ, ಮನೆಯವರು ಎಲ್ಲಿದ್ದಾರೆ ಎಂಬ ಖಚಿತ ಸುದ್ದಿ. ಕ್ಯಾಮೆರಾ ಹಿಡಿದು ಮುಖಕ್ಕೆ ಬರುವವರನ್ನು ಬಾಗಿಲಲ್ಲೇ ತಡೆಯುವುದೂ ದೊಡ್ಡ ಉಪಕಾರ.

ಬೆಚ್ಚಿದ ಮಗುವಿಗೆ ಅಜ್ಜಿಯರು ದೃಷ್ಟಿ ತೆಗೆಯುತ್ತಾರೆ, ಅಂತ್ರ ಕಟ್ಟಿಸುತ್ತಾರೆ. ಅದರಲ್ಲಿ ಅಜ್ಜಿಯ ಮಡಿಲಿದೆ, ತಲೆ ಸವರುವ ಕೈಯಿದೆ, ಪ್ರಶ್ನೆಗಳಿಲ್ಲ. ಅಷ್ಟರ ಮಟ್ಟಿಗೆ ಅದು ಮಗುವಿಗೆ ಆಸರೆಯೇ. ಗಾಳಿ ಬಡಿದಿದೆ ಎಂದು ಹೊಡೆಯುವುದು, ಹೊಗೆ ಹಾಕುವುದು ಮಾತ್ರ ಭಯದ ಮೇಲೆ ಇನ್ನೊಂದು ಭಯ ಹೇರುವ ಕ್ರೌರ್ಯ. ಮಕ್ಕಳು ನೆರೆಯ ಆಟ, ಬಾವಿಯ ಆಟ ಮತ್ತೆ ಮತ್ತೆ ಆಡಿದರೆ ಗದರಬೇಡಿ. ಮಾತಿನಲ್ಲಿ ಹೇಳಲಾಗದ್ದನ್ನು ಅವರು ಆಟದಲ್ಲಿ ಹೇಳುತ್ತಿರುತ್ತಾರೆ. ವಾರಗಳು ಕಳೆದಂತೆ ಆಟ ಹಗುರಾಗದೆ, ಮಗು ಹಾಸಿಗೆಯಲ್ಲಿ ಮೂತ್ರ ಮಾಡತೊಡಗಿದರೆ ಅಥವಾ ಮಾತು ಬಿಟ್ಟರೆ ವೈದ್ಯರಿಗೆ ತೋರಿಸಬೇಕು.

ದೊಡ್ಡವರ ಚಿಕಿತ್ಸೆಯಲ್ಲಿ ನೆನಪನ್ನು ಅಳಿಸುವುದಿಲ್ಲ. ಅದು ಸಾಧ್ಯವೂ ಇಲ್ಲ. ತರಬೇತಿ ಪಡೆದ ಚಿಕಿತ್ಸಕರ ಎದುರು, ಸುರಕ್ಷಿತ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ಆ ನೆನಪಿನ ಹತ್ತಿರ ಹೋಗಿ ಬರುವುದನ್ನು ಕಲಿಸುತ್ತಾರೆ. ಅದು ಹಿಂದೆ ನಡೆದದ್ದು, ಈಗ ನಡೆಯುತ್ತಿಲ್ಲ ಎಂಬುದನ್ನು ಮೆದುಳು ಹೀಗೆ ನಿಧಾನವಾಗಿ ಕಲಿಯುತ್ತದೆ. ಕೆಲವರಿಗೆ ಮಾತ್ರೆಗಳೂ ಬೇಕಾಗುತ್ತವೆ. ಅಂಗಡಿಯಿಂದ ತಾವೇ ತಂದ ನಿದ್ದೆ ಮಾತ್ರೆ ಇದಕ್ಕೆ ಮದ್ದಲ್ಲ.

ನಮ್ಮ ಮೂರು ಜಿಲ್ಲೆಗಳವರಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಬಸ್ಸು ಹತ್ತಲು ಇನ್ನೂ ಮನಸ್ಸಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವವರು ನಡೆದದ್ದನ್ನೆಲ್ಲ ಹೇಳಲೇಬೇಕೆಂದಿಲ್ಲ. ನಿದ್ದೆ ಬರುತ್ತಿಲ್ಲ, ಎದೆ ಹೊಡೆದುಕೊಳ್ಳುತ್ತಿದೆ, ಎಷ್ಟು ದಿನಗಳಿಂದ ಹೀಗಿದೆ ಎಂಬಷ್ಟರಿಂದ ಶುರುಮಾಡಿದರೆ ಸಾಕು. ಮನೆಯವರಿಗಾಗಿ ಮನೆಯವರೂ ಕರೆ ಮಾಡಿ ಸಲಹೆ ಕೇಳಬಹುದು.